ತಮ್ಮ ಬಾಯಿಯನ್ನು ತಾವು ತೊಳೆಯಲಾರದವರು

ನಮ್ಮ ಹೋಟೆಲಿನಲ್ಲಿ ಬಹುಕಾಲ ಅಡಿಗೆ ಮಾಡಿದ್ದ ಭಟ್ಟರೊಬ್ಬರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವರೆಂದು ತಿಳಿದು, ಡೊಂಬಿವಲಿಯಲ್ಲಿರುವ ಅವರ ಮಗನ ಖೋಲಿಗೆ ಹೋಗಿದ್ದೆನು. ದೇಹದ ಬಲಭಾಗ ಸ್ವಾಧೀನ ತಪ್ಪಿತ್ತು. ಹೊದಿಕೆ ಶುಭ್ರವಾಗಿತ್ತು, ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ವಿಂಗಡಿಸಿ ಇಟ್ಟಿದ್ದರು, ಸೊಸೆ ತಾಳ್ಮೆಯಿಂದ ಗಂಜಿ ಉಣಿಸುತ್ತಿದ್ದರು. ಭಟ್ಟರ ತೊದಲು ಮಾತನ್ನು ಕೇಳಲೆಂದು ನಾನು ಬಗ್ಗಿದಾಗ ಮಾತ್ರ ದುರ್ಗಂಧವು ಮೂಗಿಗೆ ಬಡಿಯಿತು. ಬಲಗೆನ್ನೆಗೂ ಹಲ್ಲಿಗೂ ನಡುವೆ ಹಿಂದಿನ ಊಟದ ಅನ್ನದ ಮುದ್ದೆ ಹಾಗೆಯೇ ಕುಳಿತಿತ್ತು. ಆಸ್ಪತ್ರೆಯಿಂದ ಮನೆಗೆ ಬಂದು ಹದಿನೆಂಟು ದಿನಗಳಾಗಿದ್ದವು. ಅಷ್ಟು ದಿನವೂ ಅವರ ಹಲ್ಲಿಗೆ ಬ್ರಶ್ ಸೋಕಿರಲಿಲ್ಲ.

ಸೊಸೆಯನ್ನು ದೂಷಿಸುವಂತಿಲ್ಲ. ಮನೆಗೆ ಕಳುಹಿಸುವಾಗ ಆಸ್ಪತ್ರೆಯವರು ಗುಳಿಗೆಯ ವಿಷಯ ಹೇಳಿದ್ದರು, ಕೈಕಾಲುಗಳ ವ್ಯಾಯಾಮ ಹೇಳಿದ್ದರು. ಬಾಯಿಯ ವಿಷಯವನ್ನು ಒಬ್ಬರೂ ಎತ್ತಿರಲಿಲ್ಲ. ಪಾತ್ರೆಯ ಅಂಚಿನಲ್ಲಿ ನಿನ್ನೆಯ ಸಾರಿನ ಕಲೆ ಕಂಡರೆ ಹುಡುಗರನ್ನು ಗದರಿಸುತ್ತಿದ್ದ ಮನುಷ್ಯರಿಗೆ ಈ ಅವಸ್ಥೆ ಬಂದುದನ್ನು ಕಂಡು ನನಗೆ ಬಹಳ ಸಂಕಟವಾಯಿತು.

ಪಾರ್ಶ್ವವಾಯು ಬಡಿದ ಕಡೆಯಲ್ಲಿ ಕೆನ್ನೆಗೂ ನಾಲಗೆಗೂ ಸ್ಪರ್ಶಜ್ಞಾನವು ಕುಂದಿರುವುದುಂಟು. ಅನ್ನವು ಅಲ್ಲಿ ನಿಂತರೂ ರೋಗಿಗೆ ತಿಳಿಯದು. ತಿಳಿದರೂ ನಾಲಗೆಯಿಂದ ಹೊರಳಿಸಲಾಗದು. ಆ ಕೊಳೆಯಲ್ಲಿ ಕ್ರಿಮಿಗಳು ಬೆಳೆಯುತ್ತವೆ. ಇಷ್ಟೇ ಆಗಿದ್ದರೆ ಹಲ್ಲು ಹುಳುಕಾಗಿ ಮುಗಿಯುತ್ತಿತ್ತು. ಆದರೆ ಇಂತಹವರಲ್ಲಿ ಅನೇಕರಿಗೆ ನುಂಗುವ ಶಕ್ತಿಯೂ ಕಡಿಮೆಯಾಗಿರುತ್ತದೆ. ನಿದ್ರೆಯಲ್ಲಿ ಕ್ರಿಮಿ ತುಂಬಿದ ಜೊಲ್ಲು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದು. “ಲಕ್ವದಿಂದ ಚೇತರಿಸಿಕೊಂಡರು, ಕಫದ ಜ್ವರ ಬಂದು ತೀರಿಕೊಂಡರು” ಎಂದು ನಾವು ಊರಿನಿಂದ ಬಂದ ಸುದ್ದಿಯಲ್ಲಿ ಎಷ್ಟು ಸಲ ಕೇಳಿಲ್ಲ!

ಜಪಾನಿನ ವೈದ್ಯರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು, 2002ರಲ್ಲಿ ಪ್ರಕಟವಾದ ಪ್ರಯೋಗವದು. ಒಂದು ಗುಂಪಿನ ವೃದ್ಧರಿಗೆ ಪ್ರತಿ ಊಟದ ನಂತರವೂ ಪರಿಚಾರಕರೇ ಹಲ್ಲುಜ್ಜಿದರು. ಇನ್ನೊಂದು ಗುಂಪನ್ನು ಮೊದಲಿನಂತೆಯೇ ಬಿಟ್ಟರು. ಬಿಟ್ಟ ಗುಂಪಿನಲ್ಲಿ ನೂರಕ್ಕೆ 19 ಮಂದಿಗೆ ನ್ಯುಮೋನಿಯಾ ಬಂದಿತು. ಉಜ್ಜಿದ ಗುಂಪಿನಲ್ಲಿ 11 ಮಂದಿಗೆ. ಒಂದೂ ಹಲ್ಲಿಲ್ಲದ ವೃದ್ಧರಿಗೂ ಬಾಯಿ ಶುದ್ಧಿಯಿಂದ ಪ್ರಯೋಜನವಾಯಿತು. “ಬೊಚ್ಚುಬಾಯಿಯಲ್ಲಿ ಉಜ್ಜುವುದೇನಿದೆ?” ಎನ್ನುವವರು ಇದನ್ನು ಗಮನಿಸಬೇಕು.

ಇನ್ನೊಬ್ಬರ ಹಲ್ಲುಜ್ಜುವುದು ಹೇಗೆ? ರೋಗಿಯನ್ನು ಕೂರಿಸಲು ಸಾಧ್ಯವಿದ್ದರೆ ಕೂರಿಸಬೇಕು. ಇಲ್ಲವಾದರೆ ದಿಂಬಿನಿಂದ ತಲೆಯನ್ನೆತ್ತಿ, ಒಂದು ಮಗ್ಗುಲಿಗೆ ಹೊರಳಿಸಿ, ಕೆನ್ನೆಯ ಕೆಳಗೆ ಟುವಾಲನ್ನೂ ಒಂದು ಬಟ್ಟಲನ್ನೂ ಇಡಬೇಕು. ಅಂಗಾತ ಮಲಗಿದವರ ಬಾಯಿಗೆ ನೀರು ಹೊಯ್ಯಲೇ ಕೂಡದು. ಮೆತ್ತನೆಯ, ಚಿಕ್ಕ ತಲೆಯ ಬ್ರಶ್ ಸಾಕು. ಅದರ ಮೇಲೆ ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು. ಇಲ್ಲಿಯ ನೆರೆಹೊರೆಯವರು ಪ್ರೀತಿಯಿಂದ ಮಶೇರಿ ತಂದುಕೊಟ್ಟಾರು. ಅದು ಸುಟ್ಟ ಹೊಗೆಸೊಪ್ಪಿನ ಪುಡಿ, ಯಾರ ಬಾಯಿಗೂ ಸಲ್ಲದು. ಬ್ರಶ್ಶನ್ನು ಹಲ್ಲು ವಸಡು ಕೂಡುವಲ್ಲಿ ಓರೆಯಾಗಿಟ್ಟು, ಒತ್ತದೆ, ಸಣ್ಣಸಣ್ಣಗೆ ಆಡಿಸಬೇಕು. ನೊರೆಯನ್ನು ಉಗುಳಲಾರದವರಿಗೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಅದೇ ಬಟ್ಟೆಯಿಂದ ನಾಲಗೆ ಮತ್ತು ಕೆನ್ನೆಯ ಒಳಭಾಗವನ್ನೂ ಒರೆಸಬೇಕು. ಹಲ್ಲುಗಳ ನಡುವೆ ಮಾತ್ರ ನಮ್ಮ ಬೆರಳನ್ನಿಡಬಾರದು. ರೋಗಿ ತನಗರಿಯದೆ ಕಚ್ಚುವುದುಂಟು. ದಿನಕ್ಕೆರಡು ಸಲ ಉಜ್ಜುವುದು. ಊಟವಾದಾಗಲೆಲ್ಲ ಕೆನ್ನೆಯ ಸಂದಿಯನ್ನು ನೋಡುವುದು. ರಾತ್ರಿಯದನ್ನು ತಪ್ಪಿಸಲೇಬಾರದು, ಏಕೆಂದರೆ ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗಿ ಕ್ರಿಮಿಗಳಿಗೆ ಅನುಕೂಲವಾಗುತ್ತದೆ. ಕಟ್ಟಿಸಿದ ಹಲ್ಲಿದ್ದರೆ ಮಲಗುವಾಗ ತೆಗೆದು, ಉಜ್ಜಿ, ತಣ್ಣೀರಿನಲ್ಲಿಡಬೇಕು.

ಒಂದು ಕೈ ಆಡುವವರಿಗೂ, ಕೈ ನಡುಗುವವರಿಗೂ ನಾವು ಎಲ್ಲವನ್ನೂ ಮಾಡಿಕೊಡಬೇಕಾಗಿಲ್ಲ. ಬ್ರಶ್ಶಿನ ಹಿಡಿಯನ್ನು ದಪ್ಪಗೆ ಮಾಡಿದರೆ ಅವರೇ ಹಿಡಿಯಬಲ್ಲರು. ಬಟ್ಟೆ ಸುತ್ತಿದರಾಯಿತು, ರಬ್ಬರು ಚೆಂಡಿಗೆ ತೂತು ಮಾಡಿ ತೂರಿಸಿದರಾಯಿತು; ಸೈಕಲ್ಲಿನ ಹಿಡಿಕೆಯ ರಬ್ಬರೂ ಆದೀತು.

ಬುದ್ಧಿ ಅಥವಾ ಅಂಗಗಳ ಬೆಳವಣಿಗೆ ಕುಂಠಿತವಾದ ಮಕ್ಕಳ ವಿಷಯದಲ್ಲಿ ತಾಯಂದಿರು ಪಡುವ ಪಾಡು ಬೇರೆಯೇ. ಮಗುವಿನ ಹಿಂದೆ ನಿಂತು, ಅದರ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು ಉಜ್ಜಿದರೆ ಸುಲಭ. ಹೆದರುವ ಮಗುವಿಗೆ ಮೊದಲ ದಿನ ಬ್ರಶ್ಶನ್ನು ತುಟಿಗೆ ತಾಗಿಸಿದರೆ ಸಾಕು, ಮರುದಿನ ಒಂದು ಹಲ್ಲಿಗೆ. ಸಿಹಿಯಾದ ಔಷಧ ಕುಡಿಸಿದ ಮೇಲೆ ಬಾಯಿಯನ್ನು ಒರೆಸಬೇಕು. ಮೂರ್ಛೆರೋಗಕ್ಕೆ ಫೆನಿಟಾಯಿನ್ ಎಂಬ ಔಷಧವು 1938ರಲ್ಲಿ ಬಳಕೆಗೆ ಬಂದಿತು. ಅದನ್ನು ಸೇವಿಸುವ ಕೆಲವರ ವಸಡು ಉಬ್ಬಿ ಹಲ್ಲುಗಳನ್ನು ಮುಚ್ಚುವುದೆಂದು ಮರುವರ್ಷವೇ ವೈದ್ಯರು ಬರೆದರು. ಹಲ್ಲಿನಲ್ಲಿ ಕೊಳೆ ನಿಂತಷ್ಟೂ ಈ ಉಬ್ಬು ಹೆಚ್ಚುತ್ತದೆ. ಇದನ್ನು ಕಂಡು ಗಾಬರಿಯಿಂದ ಗುಳಿಗೆಯನ್ನು ನಿಲ್ಲಿಸಿದರೆ ಮೂರ್ಛೆ ಮರಳೀತು, ವೈದ್ಯರಿಗೆ ತೋರಿಸತಕ್ಕದ್ದು.

ಗಲ್ಲೆಯ ಮೇಲೆ ಕುಳಿತು ಮಧುಮೇಹವನ್ನು ಸಂಪಾದಿಸಿಕೊಂಡ ನಮ್ಮವರ ವಿಷಯದಲ್ಲಿಯೂ ಒಂದು ಮಾತು: ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬಾರದು. ಹೃದಯದಲ್ಲಿ ಕೃತಕ ಕವಾಟವಿರುವವರೂ, ರಕ್ತವನ್ನು ತೆಳುಮಾಡುವ ಗುಳಿಗೆ ನುಂಗುವವರೂ ಹಲ್ಲು ಕೀಳಿಸುವ ಮೊದಲೇ ಅದನ್ನು ದಂತವೈದ್ಯರಿಗೆ ತಿಳಿಸಬೇಕು. ಔಷಧದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರಿ, “ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ?” ಎಂದು ಮುಚ್ಚಿಡಬೇಡಿರಿ.

ಮುಂಬಯಿಯಲ್ಲಿ ನಾಯರ್ ಆಸ್ಪತ್ರೆಯ ದಂತ ಕಾಲೇಜೂ, ಸಿ.ಎಸ್.ಎಂ.ಟಿ. ಹತ್ತಿರದ ಸರಕಾರಿ ದಂತ ಕಾಲೇಜೂ ಇವೆ. ತಂದೆತಾಯಿಗಳನ್ನು ಉಡುಪಿಯ ಕಡೆ ಬಿಟ್ಟುಬಂದವರಿಗೆ 1965ರಲ್ಲಿ ಆರಂಭವಾದ ಮಣಿಪಾಲದ ಕಾಲೇಜುಂಟು. ಅಂಗವಿಕಲರನ್ನು ಕರೆದೊಯ್ಯುವವರು 2016ರ ಕಾನೂನನ್ನು ನೆನಪಿಡಬೇಕು: ಅದರ 25ನೆಯ ಕಲಮಿನಂತೆ ಅಂಗವಿಕಲರಿಗೆ ಚಿಕಿತ್ಸೆಯಲ್ಲಿ ಆದ್ಯತೆ ದೊರೆಯಬೇಕಾಗಿದೆ. ಸರದಿಯ ಸಾಲಿನಲ್ಲಿ ತಾಸುಗಟ್ಟಲೆ ನಿಲ್ಲುವ ಮೊದಲು ಪ್ರಮಾಣಪತ್ರವನ್ನು ತೋರಿಸಿ ಕೇಳಿರಿ. ಕೇಳುವುದಕ್ಕೆ ನಾಚಿಕೆ ಏಕೆ?

ಭಟ್ಟರು ಮೊದಲ ಮೂರು ದಿನ ಬಾಯಿ ತೆರೆಯಲೊಪ್ಪಲಿಲ್ಲವಂತೆ. ಸೊಸೆಯ ಕೈಯಿಂದ ಹಲ್ಲುಜ್ಜಿಸಿಕೊಳ್ಳುವುದಕ್ಕೆ ಸಂಕೋಚ. ಬಳಿಕ ಮಗನು ಸೈಕಲ್ ಅಂಗಡಿಯಿಂದ ಹಿಡಿಕೆಯ ರಬ್ಬರು ತಂದು ಬ್ರಶ್ಶಿಗೆ ತೊಡಿಸಿದನು. ಈಗ ಎದುರಿನ ಹಲ್ಲುಗಳನ್ನು ಅವರೇ ಎಡಗೈಯಿಂದ ಉಜ್ಜಿಕೊಳ್ಳುತ್ತಾರೆ. ಒಳಗಿನವನ್ನು ಸೊಸೆ ಉಜ್ಜುತ್ತಾರೆ.