ಒಳಗಿನಿಂದ ಹೊಡೆಯುವ ಬಣ್ಣ

ಆರ್‌ಸಿ ಕಾರಿನ ಬಾಡಿಗೆ ಬಣ್ಣ ಹೊಡೆಯೋದು ಹೊರಗಿನಿಂದ ಅಲ್ಲ, ಒಳಗಿನಿಂದ. ಹೇಳಿದರೆ ಎಷ್ಟೋ ಜನ ನಂಬಲ್ಲ. ಆಟಿಕೆ ಅಂಗಡಿಯ ರಿಮೋಟ್ ಕಾರಿನ ಮಾತಲ್ಲ ಇದು. ಹವ್ಯಾಸಿಗಳು ಬಿಡಿಭಾಗ ಜೋಡಿಸಿ ಕಟ್ಟಿ ಓಡಿಸುವ, ನಿಜವಾದ ಕಾರಿನ ಹತ್ತನೇ ಒಂದರಷ್ಟು ಅಳತೆಯ ಕಾರುಗಳ ಮಾತು. ಇವುಗಳ ಬಾಡಿ ಬರೋದು ನೀರಿನ ಬಾಟಲಿಯ ಹಾಗೆ ಪಾರದರ್ಶಕವಾದ ಪಾಲಿಕಾರ್ಬೊನೇಟ್ ಚಿಪ್ಪಾಗಿ. ಈ ಹವ್ಯಾಸದವರೆಲ್ಲ ಅದನ್ನು ಲೆಕ್ಸಾನ್ ಅಂತಾರೆ, ಅದು ಒಂದು ಬ್ರ್ಯಾಂಡ್ ಹೆಸರು. ದಪ್ಪ ಸುಮಾರು 1 ಮಿ.ಮೀ., ಕೆಲವೊಮ್ಮೆ ಅದಕ್ಕಿಂತಲೂ ತೆಳು. ಗೋಡೆಗೆ ಗುದ್ದಿದರೆ ಬಾಗಿ ಮತ್ತೆ ಮೊದಲಿನಂತಾಗುತ್ತೆ. ಕಾರು ಮಗುಚಿ ಟಾರು ರಸ್ತೆ ಮೇಲೆ ಉಜ್ಜಿಕೊಂಡು ಹೋದರೂ ಗೀರು ಬೀಳೋದು ಪ್ಲಾಸ್ಟಿಕ್ಕಿನ ಹೊರಮೈಗೆ. ಬಣ್ಣ ಒಳಗಡೆ ಭದ್ರ.

ಆದರೆ ಒಳಗಿನಿಂದ ಹೊಡೆಯುವಾಗ ಎಲ್ಲವೂ ತಿರುಗುಮುರುಗು. ಗೋಡೆಗೆ ಬಣ್ಣ ಹೊಡೆದರೆ ಕೊನೆಯ ಕೋಟು ಕಣ್ಣಿಗೆ ಬೀಳುತ್ತೆ. ಇಲ್ಲಿ ಕಣ್ಣಿಗೆ ಬೀಳೋದು ಮೊದಲ ಕೋಟು. ಮೈಸೂರು, ತಂಜಾವೂರು ಕಡೆಯ ಹಳೆಯ ಗಾಜಿನ ಚಿತ್ರಗಳನ್ನು ನೋಡಿದ್ದರೆ ಇದು ಬೇಗ ಅರ್ಥವಾಗುತ್ತೆ. ಗಾಜಿನ ಹಿಂಬದಿಯಲ್ಲಿ ಬರೆಯುವ ಆ ಚಿತ್ರಗಳಲ್ಲೂ ಕಣ್ಣು, ಒಡವೆ, ಸಣ್ಣ ಗೆರೆ ಮೊದಲು, ಹಿನ್ನೆಲೆ ಕೊನೆಗೆ. ಮೇಲೊಂದು ಕೋಟು ಹೊಡೆದು ತಪ್ಪು ಮುಚ್ಚಿಬಿಡೋಣ ಅನ್ನೋ ಅವಕಾಶವೇ ಇಲ್ಲ. ಆಫೀಸಿನಲ್ಲಿ ನಾನು ಬರೆದ ಕೋಡನ್ನು ಸಂಜೆಯೊಳಗೆ ಹಿಂದಕ್ಕೆ ಪಡೆಯಬಹುದು. ಇಲ್ಲಿ ಆಗಲ್ಲ. ಅದಕ್ಕೇ ಈ ಕೆಲಸದಲ್ಲಿ ಬಣ್ಣಕ್ಕಿಂತ ಮಾಸ್ಕಿಂಗ್ ದೊಡ್ಡದು. ಸ್ಪ್ರೇ ಮಾಡೋದು ಕೆಲವು ನಿಮಿಷ, ಎಲ್ಲಿ ಬಣ್ಣ ಬೀಳಬಾರದು ಅಂತ ಯೋಚಿಸಿ ಮುಚ್ಚೋದು ಎರಡು ಸಂಜೆ.

ಎಂಟು ವರ್ಷದ ನನ್ನ ಅಕ್ಕನ ಮಗಳ ಮೊದಲ ಕಾರಿನ ಬಾಡಿಯನ್ನೇ ಉದಾಹರಣೆಗೆ ತಗೊಳ್ತೀನಿ. ಬಿಳಿ ಕಾರು, ಎರಡೂ ಪಕ್ಕ ಕೆಂಪು ಪಟ್ಟಿ, ಬಾನೆಟ್ ಮೇಲೆ ಕಪ್ಪಿನಲ್ಲಿ ಅವಳ ಹೆಸರು, ಅದೂ ಕನ್ನಡದಲ್ಲಿ. ಅವಳ ಹೆಸರಿನಲ್ಲೊಂದು ಸೊನ್ನೆ ಇದೆ. ‘ಮಾಮ, ಸೊನ್ನೆ ಮುಚ್ಚಿಹೋಗಬಾರದು, ಒಳಗೆ ಬಿಳಿ ಕಾಣಬೇಕು’ ಅನ್ನೋದು ಷರತ್ತು. ಕಿಟ್ಟಿನ ಜೊತೆ ಬಂದಿದ್ದು ಒಂದೇ ಚಿಪ್ಪು.

ಮೊದಲು ಸೋಪು, ಆಮೇಲೆ ಟೇಪು

ಕಾರ್ಖಾನೆಯ ಅಚ್ಚಿನಿಂದ ಬಂದ ಚಿಪ್ಪಿನ ಒಳಗೆ ಜಿಡ್ಡು ಇರಬಹುದು. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಒಳಮೈಯನ್ನು ಬೆರಳಿನಿಂದ ಮುಟ್ಟಬೇಡಿ, ಬೆರಳಿನ ಎಣ್ಣೆಯೂ ಜಿಡ್ಡೇ. ಹೊರಮೈ ಮೇಲೆ ತೆಳ್ಳಗಿನ ರಕ್ಷಣಾ ಪ್ಲಾಸ್ಟಿಕ್ ಇದ್ದರೆ ಅದನ್ನು ಕೀಳಬೇಡಿ. ಬೇಡದ ಬಣ್ಣ ಹೊರಗೆ ಅಂಟದಂತೆ ತಡೆಯೋದು ಅದೇ. ಇನ್ನೊಂದು ಉಪಯೋಗವೂ ಇದೆ. ಅದರ ಮೇಲೆ ಮಾರ್ಕರ್ ಪೆನ್ನಿನಿಂದ ವಿನ್ಯಾಸ ಬರೆದರೆ ಒಳಗಿನಿಂದ ಗೆರೆ ಸ್ಪಷ್ಟವಾಗಿ ಕಾಣುತ್ತೆ, ಮಾಸ್ಕನ್ನು ಅದರ ಜಾಡಿನಲ್ಲೇ ಅಂಟಿಸಬಹುದು.

ನೇರ ಗೆರೆಗೆ ಟೇಪು ಸಾಕು. ಹಾರ್ಡ್‌ವೇರ್ ಅಂಗಡಿಯ ಮಾಸ್ಕಿಂಗ್ ಟೇಪಿನ ಮೈಯಲ್ಲಿ ಸುಕ್ಕುಗಳಿರುತ್ತೆ, ಅದರ ಸಂದಿಯಲ್ಲಿ ಬಣ್ಣ ನುಗ್ಗುತ್ತೆ. ಅದು ದೊಡ್ಡ ಜಾಗ ಮುಚ್ಚೋಕೆ ಸರಿ, ಅಂಚಿಗಲ್ಲ. ಅಂಚಿಗೆ ಮಾಡೆಲ್ ಕಟ್ಟುವವರು ಬಳಸುವ ನುಣುಪು ಟೇಪು ಬೇಕು. ಟಮಿಯಾ ಕಂಪನಿಯದು 6, 10, 18 ಮಿ.ಮೀ. ಅಗಲದಲ್ಲಿ ಸಿಗುತ್ತೆ. ಸುರುಳಿಯ ಅಂಚಿನಲ್ಲಿ ಧೂಳು ಕೂತಿರುತ್ತೆ. ಅದಕ್ಕೆ ಟೇಪನ್ನು ಗಾಜಿನ ತುಂಡಿನ ಮೇಲೆ ಅಂಟಿಸಿ, ಸ್ಕೇಲ್ ಇಟ್ಟು ಹೊಸ ಬ್ಲೇಡಿನಿಂದ ಅಂಚನ್ನು ಕೊಯ್ದು ಬಳಸಿ. ಚಿಪ್ಪಿಗೆ ಅಂಟಿಸಿದ ಮೇಲೆ ಬಣ್ಣ ಮುಟ್ಟುವ ಅಂಚನ್ನಷ್ಟೇ ಕಿವಿಗೆ ಹಾಕೋ ಬಡ್ಸ್‌ನಿಂದ ಒತ್ತಿ ತೀಡಿ.

ಬೆಂಕಿಯ ಜ್ವಾಲೆಯಂಥ ವಕ್ರ ವಿನ್ಯಾಸಕ್ಕೆ ಲಿಕ್ವಿಡ್ ಮಾಸ್ಕ್. ಬ್ರಶ್ಶಿನಿಂದ ಮೂರು ನಾಲ್ಕು ಕೋಟು ಬಳಿದು ರಾತ್ರಿಯಿಡೀ ಒಣಗಲು ಬಿಟ್ಟರೆ ರಬ್ಬರಿನಂಥ ಪೊರೆಯಾಗುತ್ತೆ. ಪೊರೆ ತೆಳುವಾದರೆ ಕೀಳುವಾಗ ಚೂರುಚೂರಾಗುತ್ತೆ. ಕೊಯ್ಯುವಾಗ ಹೊಸ ಬ್ಲೇಡು, ಅತಿ ಹಗುರ ಕೈ. ಪೊರೆ ಮಾತ್ರ ಕತ್ತರಿಸಬೇಕು. ಪ್ಲಾಸ್ಟಿಕ್ಕಿಗೆ ಗೀಟು ಬಿದ್ದರೆ ಮುಂದೆ ಡಿಕ್ಕಿಯಾದಾಗ ಬಿರುಕು ಶುರುವಾಗೋದು ಅಲ್ಲಿಂದಲೇ.

ಅಕ್ಷರಕ್ಕೆ ನಾನು ಹಿಡಿದದ್ದು ರೇಡಿಯಂ ಅಂಗಡಿ ದಾರಿ. ಬೈಕಿಗೆ ಸ್ಟಿಕರ್ ಕತ್ತರಿಸುವವರ ಹತ್ತಿರ ಯಂತ್ರ ಇರುತ್ತೆ, ವಿನೈಲ್‌ನಲ್ಲಿ ಯಾವ ಅಕ್ಷರ ಬೇಕಾದರೂ ಕೊಯ್ದು ಕೊಡ್ತಾರೆ. ಹೇಳಬೇಕಾದ್ದು ಮೂರು ಮಾತು. ಒಂದು, ಅಂಟಿಸೋದು ಒಳಗಿನಿಂದ, ಹಾಗಾಗಿ ಕನ್ನಡಿಯಲ್ಲಿ ಕಂಡಂತೆ ಅಕ್ಷರ ಉಲ್ಟಾ ಇರಬೇಕು. ಎರಡು, ನಮಗೆ ಬೇಕಾದ್ದು ಅಕ್ಷರವಲ್ಲ, ಅಕ್ಷರ ತೆಗೆದ ಮೇಲೆ ಉಳಿಯುವ ಸುತ್ತಲಿನ ಹಾಳೆ. ಮೂರು, ಸೊನ್ನೆಯ ಒಳಗಿನ ಚುಕ್ಕಿಯನ್ನು ಎಸೆಯಬಾರದು. ರಟ್ಟಿನ ಅಚ್ಚಾಗಿದ್ದರೆ ಆ ಚುಕ್ಕಿ ಉದುರಿಹೋಗದಂತೆ ಅಡ್ಡಪಟ್ಟಿ ಬಿಡಬೇಕಿತ್ತು. ಅಂಟುವ ಹಾಳೆಯಲ್ಲಿ ಚುಕ್ಕಿ ತನ್ನಷ್ಟಕ್ಕೆ ಕೂತಿರುತ್ತೆ. ಮೇಲೊಂದು ಟ್ರಾನ್ಸ್‌ಫರ್ ಹಾಳೆ ಹಾಕಿಸಿಕೊಂಡರೆ ಎಲ್ಲವೂ ಇದ್ದ ಜಾಗದಲ್ಲೇ ಬಂದು ಕೂರುತ್ತೆ. ಬಾನೆಟ್ ಬಾಗಿರುವ ಕಡೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ತಾಗಿಸಿದರೆ ವಿನೈಲ್ ಮೆತ್ತಗಾಗಿ ಮೈಗೆ ಹೊಂದಿಕೊಳ್ಳುತ್ತೆ.

ಕಪ್ಪು, ಕೆಂಪು, ಬಿಳಿ

ಬಣ್ಣದ ಸರದಿಗೆ ಒಂದೇ ಸೂತ್ರ: ಗಾಢ ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ. ಕಪ್ಪಿನ ಬೆನ್ನಿಗೆ ಬಿಳಿ ಬಿದ್ದರೆ ಹೊರಗಿನಿಂದ ಏನೂ ಗೊತ್ತಾಗಲ್ಲ. ತೆಳು ಬಿಳಿಯ ಬೆನ್ನಿಗೆ ಕಪ್ಪು ಬಿದ್ದರೆ ಬಿಳಿ ಮಂಕಾಗಿ ಬೂದಿಯ ಹಾಗೆ ಕಾಣುತ್ತೆ. ಫ್ಲೋರೊಸೆಂಟ್ ಬಣ್ಣಗಳ ಹಿಂದೆಯಂತೂ ಬಿಳಿ ಇರಲೇಬೇಕು, ಇಲ್ಲಾಂದ್ರೆ ಆ ಹೊಳಪು ಬರಲ್ಲ.

ನಮ್ಮ ಕಾರಿನಲ್ಲಿ ಕಿಟಕಿಗಳಿಗೆ ಮೊದಲೇ ಮಾಸ್ಕ್ ಅಂಟಿಸಿದ್ದೆ, ಅದು ಕೊನೆಯವರೆಗೂ ಇರಬೇಕು. ಬಾನೆಟ್ಟಿಗೆ ವಿನೈಲ್, ಉಳಿದ ಒಳಮೈಗೆಲ್ಲ ಪೇಪರ್. ಕಪ್ಪು ಹೊಡೆದು ಒಣಗಿದ ಮೇಲೆ ವಿನೈಲ್, ಪೇಪರ್ ತೆಗೆದದ್ದಾಯಿತು. ಪಕ್ಕದ ಪಟ್ಟಿಯ ಜಾಗ ಬಿಟ್ಟು ಉಳಿದದ್ದನ್ನು ಟೇಪು, ಪೇಪರಿನಿಂದ ಮುಚ್ಚಿ ಕೆಂಪು. ಅದೂ ಒಣಗಿದ ಮೇಲೆ ಕಿಟಕಿ ಬಿಟ್ಟು ಎಲ್ಲ ಮಾಸ್ಕ್ ತೆಗೆದು ಒಳಗೆಲ್ಲ ಬಿಳಿ. ಆ ಬಿಳಿಯೇ ಹೋಗಿ ಸೊನ್ನೆಯ ಹೊಟ್ಟೆ ತುಂಬಿತು.

ಪ್ರತಿ ಬಣ್ಣದ ಮೊದಲ ಕೋಟು ಮಂಜು ಬಿದ್ದಷ್ಟು ತೆಳುವಾಗಿರಲಿ. ಅದು ಒಣಗಿ ಟೇಪಿನ ಅಂಚನ್ನು ಮುಚ್ಚಿಬಿಡುತ್ತೆ. ಒಂದೇ ಸಲಕ್ಕೆ ಒದ್ದೆಯಾಗಿ ಹೊಡೆದರೆ ಬಣ್ಣ ಅಂಚಿನ ಕೆಳಗೆ ಹರಿದು ಹೋಗುತ್ತೆ. ಟೇಪು ಕೀಳುವಾಗ ಮೇಲಕ್ಕೆ ಎಳೆಯಬೇಡಿ. ಅದರ ಮೇಲೇ ಹಿಂದಕ್ಕೆ ಮಡಚಿದ ಹಾಗೆ ನಿಧಾನ ಎಳೀರಿ. ಬಣ್ಣದ ಪದರ ದಪ್ಪವಾಗುವ ಮೊದಲೇ ಕಿತ್ತರೆ ಅಂಚು ಹರಿಯಲ್ಲ.

ಡಬ್ಬಿ ಕೊಳ್ಳುವಾಗ ಕೋಡ್ ನೋಡಿ. ಟಮಿಯಾದಲ್ಲಿ ಪಿಎಸ್ ಅಂದರೆ ಪಾಲಿಕಾರ್ಬೊನೇಟ್‌ಗೆ, ಟಿಎಸ್ ಅಂದರೆ ಗಟ್ಟಿ ಪ್ಲಾಸ್ಟಿಕ್ ಮಾಡೆಲ್‌ಗೆ. ಡಬ್ಬಿಗಳು ನೋಡೋಕೆ ಒಂದೇ ಥರ. ಆದರೆ ಬಾಗುವ ಚಿಪ್ಪಿನ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಬಣ್ಣ ನಿಲ್ಲಲ್ಲ, ಡಿಕ್ಕಿಗೆ ಪದರ ಪದರವಾಗಿ ಉದುರುತ್ತೆ.

ಮನೆಯಲ್ಲಿ ಮಕ್ಕಳಿದ್ದರೆ

ಈ ಸ್ಪ್ರೇಗಳ ಆವಿ ಒಳ್ಳೆಯದಲ್ಲ, ಬೆಂಕಿಯೂ ಬೇಗ ಹಿಡಿಯುತ್ತೆ. ಅಡುಗೆಮನೆ ಪಕ್ಕದ ಯುಟಿಲಿಟಿ, ಮುಚ್ಚಿದ ಬಾಲ್ಕನಿ ಬೇಡ, ಟೆರೇಸ್ ಒಳ್ಳೆಯದು. ಎನ್95 ಮಾಸ್ಕ್ ಬಣ್ಣದ ಕಣ ತಡೆಯುತ್ತೆ, ಆವಿಯನ್ನಲ್ಲ. ಅದಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಅಕ್ಕನ ಮಗಳಿಗೆ ಸ್ಪ್ರೇ, ಬ್ಲೇಡು ಎರಡೂ ಕೊಡಲಿಲ್ಲ. ಹೊರಗಿನ ಪ್ಲಾಸ್ಟಿಕ್ ಮೇಲೆ ಪಟ್ಟಿಯ ಗೆರೆ ಎಳೆದದ್ದು, ಟೇಪಿನ ಅಂಚು ತೀಡಿದ್ದು ಅವಳೇ. ಎಂಟು ವರ್ಷದವರ ಬೆರಳಿಗೆ ಆ ಕೆಲಸ ನಮಗಿಂತ ಚೆನ್ನಾಗಿ ಒಗ್ಗುತ್ತೆ.

ಕೊನೆಗೆ ಕೀಳೋದು ಹೊರಗಿನ ಪ್ಲಾಸ್ಟಿಕ್. ಅಲ್ಲಿಯವರೆಗೂ ಬಣ್ಣದ ಕಲೆ, ಮಾರ್ಕರ್ ಗೀಚು ತುಂಬಿ ಕೊಳಕಾಗಿ ಕಾಣುತ್ತಿದ್ದ ಬಾಡಿ ಒಂದೇ ಎಳೆತಕ್ಕೆ ಶೋರೂಮಿನಿಂದ ಬಂದ ಹಾಗೆ ಹೊಳೆಯುತ್ತೆ. ಎಳೆಯುವ ಆ ಅವಕಾಶವನ್ನು ಮಗುವಿಗೇ ಬಿಟ್ಟುಕೊಡಿ. ನಮ್ಮವಳು ಎಳೆದು, ಮೊದಲು ಬೆರಳಿಟ್ಟು ನೋಡಿದ್ದು ಕೆಂಪು ಪಟ್ಟಿಯನ್ನಲ್ಲ, ಸೊನ್ನೆಯನ್ನು. ಒಳಗೆ ಬಿಳಿ ಇತ್ತು.