ಸಿ.ಎ. ಪರೀಕ್ಷೆ: ಮರಳಿ ಕೂರುವ ಮುನ್ನ

ಬೀರೂರಿನಿಂದ ಹುಬ್ಬಳ್ಳಿಯ ದಿಕ್ಕಿಗೆ ಸಾಗುವ ರೈಲುಮಾರ್ಗದಲ್ಲಿ ಅಜ್ಜಂಪುರವನ್ನು ದಾಟಿದ ಮೇಲೆ ಸಿಗುವ ನಿಲ್ದಾಣ ಶಿವನಿ. ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದು ಈಗ ಅಜ್ಜಂಪುರ ತಾಲ್ಲೂಕಿಗೆ ಸೇರಿರುವ ಈ ಊರಿನ ಸುತ್ತಮುತ್ತ ಅಡಿಕೆ, ತೆಂಗು, ರಾಗಿ, ಈರುಳ್ಳಿಗಳೇ ಬದುಕಿಗೆ ಆಧಾರ. ಇಂತಹ ಊರಿನ ಮನೆಯೊಂದರಿಂದ ಮಗನೋ ಮಗಳೋ ಸಿ.ಎ. ಓದುವೆನೆಂದು ಬೆಂಗಳೂರಿಗೋ ಮಂಗಳೂರಿಗೋ ಹೊರಟರೆ ಅದು ಒಂದು ಮನೆಯ ಸುದ್ದಿಯಾಗಿ ಉಳಿಯುವುದಿಲ್ಲ. ಫಲಿತಾಂಶದಲ್ಲಿ ಉತ್ತೀರ್ಣರಾಗದಿದ್ದರೂ ಹಾಗೆಯೇ. ಮುಂದಿನ ಭಾನುವಾರ ಪೂಜೆ ಮುಗಿಸಿ ಚರ್ಚಿನ ಅಂಗಳಕ್ಕೆ ಇಳಿದ ತಾಯಿಯನ್ನು ನಾಲ್ಕು ಮಂದಿ ವಿಚಾರಿಸುತ್ತಾರೆ. ಕೇಳುವವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರುವುದಿಲ್ಲ. ಆದರೂ ಅದರ ಮರುವಾರ ಆ ತಾಯಿ ಬೆಳಗಿನ ಮೊದಲ ಪೂಜೆಗೇ ಹೋಗಿ, ಯಾರ ಕಣ್ಣಿಗೂ ಬೀಳದೆ ಮನೆ ಸೇರಿಬಿಡುತ್ತಾರೆ.

ಹೀಗೆ ಸಂಕೋಚದಲ್ಲಿ ಕಳೆದುಹೋಗುವ ವಾರಗಳೇ ಮರುಪರೀಕ್ಷೆಯ ದೃಷ್ಟಿಯಿಂದ ಅತ್ಯಂತ ಬೆಲೆಯುಳ್ಳ ವಾರಗಳು ಎಂಬುದನ್ನು ಈ ಸಲ ನಮ್ಮ ಓದುಗ ಕುಟುಂಬಗಳ ಗಮನಕ್ಕೆ ತರಬಯಸುತ್ತೇವೆ.

ಈ ಪರೀಕ್ಷೆಯನ್ನು ಎಸ್‌.ಎಸ್‌.ಎಲ್‌.ಸಿ. ಅಥವಾ ಬಿ.ಕಾಂ. ಪರೀಕ್ಷೆಯ ಅಳತೆಗೋಲಿನಿಂದ ಅಳೆಯುವುದು ನಮ್ಮ ಹಿರಿಯರಲ್ಲಿ ರೂಢಿಯಾಗಿದೆ. ಅಲ್ಲಿ ಉತ್ತೀರ್ಣರಾಗುವವರೇ ಹೆಚ್ಚು, ಇಲ್ಲಿ ಹಾಗಲ್ಲ. 1949ರ ಜುಲೈ 1ರಂದು ಸಂಸತ್ತಿನ ಕಾಯ್ದೆಯ ಮೂಲಕ ಅಸ್ತಿತ್ವಕ್ಕೆ ಬಂದ ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ನಡೆಸುವ ಈ ಪರೀಕ್ಷೆಗೆ ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಎಂಬ ಮೂರು ಹಂತಗಳಿವೆ. 2025ರ ಮೇ ತಿಂಗಳಲ್ಲಿ ಫೈನಲ್ ಹಂತದ ಮೊದಲ ಗುಂಪಿಗೆ ಕುಳಿತವರು 66,943 ಮಂದಿ, ತೇರ್ಗಡೆಯಾದವರು 14,979 ಮಂದಿ. ಎರಡು ಗುಂಪುಗಳನ್ನೂ ಒಟ್ಟಿಗೆ ಬರೆದ 29,286 ಮಂದಿಯಲ್ಲಿ 5,490 ಮಂದಿ ಮಾತ್ರ ಎರಡರಲ್ಲೂ ಗೆದ್ದರು. ಮೊದಲ ಗುಂಪಿನಲ್ಲಿ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿಗೆ ಆ ಸಲ ಗೆಲುವು ದಕ್ಕಲಿಲ್ಲ. ಇಂದು ಈ ವೃತ್ತಿಯಲ್ಲಿರುವ ಅನೇಕರು ಒಮ್ಮೆಯಾದರೂ ಮರಳಿ ಕುಳಿತವರೇ ಎಂಬುದನ್ನು ಇದರಿಂದ ಊಹಿಸಬಹುದು.

ಆದರೆ ಮರಳಿ ಕೂರುವುದೆಂದರೆ ಅದೇ ಪುಸ್ತಕವನ್ನು ಮೊದಲ ಪುಟದಿಂದ ಮತ್ತೊಮ್ಮೆ ಓದುವುದಲ್ಲ. ಸೋತ ವಿದ್ಯಾರ್ಥಿಗಳಲ್ಲಿ ಬಹುಮಂದಿ ಅಂಕಪಟ್ಟಿಯನ್ನು ಒಂದು ಸಲ ನೋಡಿ ಮಡಿಚಿಡುತ್ತಾರೆ. ಲೆಕ್ಕಪತ್ರವನ್ನು ಓದುವ ವಿದ್ಯೆಗೆಂದು ಹೊರಟವರು ತಮ್ಮದೇ ಲೆಕ್ಕವನ್ನು ಓದದೆ ಬಿಡುವುದು ಸೋಜಿಗವೇ ಸರಿ.

ನಿಯಮ ಹೀಗಿದೆ. 2024ರ ಮೇ ತಿಂಗಳಿಂದ ಜಾರಿಗೆ ಬಂದ ಪಠ್ಯಕ್ರಮದಂತೆ ಇಂಟರ್‌ಮೀಡಿಯೆಟ್ ಮತ್ತು ಫೈನಲ್ ಹಂತಗಳಲ್ಲಿ ತಲಾ ಆರು ಪತ್ರಿಕೆಗಳು, ಮೂರು ಮೂರರಂತೆ ಎರಡು ಗುಂಪುಗಳು. ಪ್ರತಿ ಪತ್ರಿಕೆಯಲ್ಲೂ ಕನಿಷ್ಠ 40 ಅಂಕ, ಗುಂಪಿನ ಒಟ್ಟು 300ರಲ್ಲಿ ಕನಿಷ್ಠ 150 ಅಂಕ ಬರಬೇಕು. ಗುಂಪಿನಲ್ಲಿ ಅನುತ್ತೀರ್ಣರಾದರೂ ಯಾವುದಾದರೂ ಪತ್ರಿಕೆಯಲ್ಲಿ 60 ಅಥವಾ ಹೆಚ್ಚು ಅಂಕ ಬಂದಿದ್ದರೆ ಆ ಪತ್ರಿಕೆಗೆ ಮುಂದಿನ ಮೂರು ಪರೀಕ್ಷೆಗಳವರೆಗೆ ವಿನಾಯಿತಿ ಉಂಟು. ಆ ಅಂಕ ಒಟ್ಟು ಮೊತ್ತಕ್ಕೂ ಸೇರುತ್ತದೆ. ಗುಂಪಿನ ಎಲ್ಲ ಪತ್ರಿಕೆಗಳಿಗೂ ಹಾಜರಾಗಿದ್ದವರಿಗೆ ಮಾತ್ರ ಈ ಅನುಕೂಲ. ಮೊದಲ ಪತ್ರಿಕೆ ಕೆಟ್ಟಿತೆಂದು ಬೇಸತ್ತು ಉಳಿದವುಗಳಿಗೆ ಹೋಗದೆ ಊರಿನ ರೈಲು ಹತ್ತುವವರು ಇದನ್ನು ತಿಳಿಯಬೇಕು. ಫೌಂಡೇಶನ್ ಹಂತದಲ್ಲಿ ಇಂತಹ ವಿನಾಯಿತಿ ಇಲ್ಲ. ಅಲ್ಲಿ ನಾಲ್ಕು ಪತ್ರಿಕೆಗಳನ್ನೂ ಮತ್ತೆ ಬರೆಯಲೇಬೇಕು.

ಎರಡು ಅಂಕಪಟ್ಟಿಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬ ವಿದ್ಯಾರ್ಥಿಗೆ ಫೈನಲ್ ಮೊದಲ ಗುಂಪಿನ ಹಣಕಾಸು ವರದಿಯಲ್ಲಿ 62, ಹಣಕಾಸು ನಿರ್ವಹಣೆಯಲ್ಲಿ 49, ಲೆಕ್ಕಪರಿಶೋಧನೆಯಲ್ಲಿ 37 ಬಂದಿವೆ. ಒಟ್ಟು 148. ಇನ್ನೊಬ್ಬಳಿಗೆ ಕ್ರಮವಾಗಿ 58, 47, 44; ಒಟ್ಟು 149. ಮನೆಯವರ ಕಣ್ಣಿಗೆ ಎರಡನೆಯ ಪಟ್ಟಿಯೇ ಮೇಲು, ಏಕೆಂದರೆ ಅದರಲ್ಲಿ ಯಾವ ಪತ್ರಿಕೆಯೂ ಹೋಗಿಲ್ಲ. ವಾಸ್ತವದಲ್ಲಿ ಮೊದಲನೆಯವನ ಸ್ಥಿತಿಯೇ ಹಗುರ. ಅವನ 62 ಅಂಕ ಅವನ ಕೈಯಲ್ಲಿದೆ. ಉಳಿದೆರಡು ಪತ್ರಿಕೆಗಳಿಂದ 88 ಅಂಕ ತಂದರೆ, ಎರಡರಲ್ಲೂ 40 ದಾಟಿದರೆ, ಗುಂಪು ಮುಗಿಯಿತು. ಒಂದೇ ಅಂಕದಿಂದ ಸೋತ ಎರಡನೆಯವಳು ಮೂರನ್ನೂ ಬರೆಯಬೇಕು. ಆದರೆ ಅವಳ ಪಟ್ಟಿ ಬೇರೊಂದು ಮಾತನ್ನು ಹೇಳುತ್ತದೆ: ಅವಳಿಗೆ ತಿಳಿಯದ ವಿಷಯ ಯಾವುದೂ ಇಲ್ಲ, ಯಾವುದರಲ್ಲೂ ಗಟ್ಟಿತನ ಸಾಲದು. ಅವಳು ಮೂರನ್ನೂ ಸಮನಾಗಿ ತಿದ್ದುವ ಬದಲು 58 ತಂದ ಪತ್ರಿಕೆಯನ್ನು 60ರ ಮೇಲಕ್ಕೆ ಏರಿಸುವುದನ್ನೇ ಮೊದಲ ಗುರಿಯಾಗಿ ಇಟ್ಟುಕೊಂಡರೆ ಒಟ್ಟು ಮೊತ್ತವೂ ತುಂಬುತ್ತದೆ, ಮತ್ತೆ ಸೋತರೂ ಕೈಯಲ್ಲಿ ಒಂದು ವಿನಾಯಿತಿ ಉಳಿಯುತ್ತದೆ.

ಅಂಕಪಟ್ಟಿಗಿಂತ ಹೆಚ್ಚು ಮಾತನಾಡುವುದು ಉತ್ತರಪತ್ರಿಕೆ. ಪರೀಕ್ಷಾರ್ಥಿಗೆ ತನ್ನ ಮೌಲ್ಯಮಾಪನಗೊಂಡ ಉತ್ತರಪತ್ರಿಕೆಯನ್ನು ನೋಡುವ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಮಾಹಿತಿ ಹಕ್ಕು ಕಾಯ್ದೆಯನ್ನು ಆಧರಿಸಿ ತೀರ್ಪಿತ್ತಿತು. ಸಿ.ಎ. ಸಂಸ್ಥೆಯೂ ಅರ್ಜಿ ಹಾಕಿದವರಿಗೆ ಉತ್ತರಪತ್ರಿಕೆಯ ಪ್ರಮಾಣಿತ ಪ್ರತಿಯನ್ನು ಒದಗಿಸುತ್ತದೆ. ಅಂಕಗಳ ಪರಿಶೀಲನೆ ಕೋರಿದರೆ ಕೂಡಿಕೆ ಸರಿಯೇ, ಬೆಲೆ ಕಟ್ಟದೆ ಬಿಟ್ಟ ಉತ್ತರ ಉಂಟೇ ಎಂಬುದನ್ನು ನೋಡಲಾಗುತ್ತದೆ. ಅದು ಮರುಮೌಲ್ಯಮಾಪನವಲ್ಲ, ಆ ಆಸೆಯಿಂದ ಅರ್ಜಿ ಹಾಕಬೇಕಾಗಿಲ್ಲ. ಪ್ರತಿಯನ್ನು ತರಿಸಿಕೊಳ್ಳುವುದು ಪರೀಕ್ಷಕರ ಮೇಲೆ ದೂರು ಹೊರಿಸಲು ಅಲ್ಲ, ತನ್ನ ಬರಹವನ್ನು ಪರಕೀಯನ ಕಣ್ಣಿನಿಂದ ನೋಡಲು. ಅದನ್ನು ಸಂಸ್ಥೆಯೇ ಪ್ರಕಟಿಸುವ ಸೂಚಿತ ಉತ್ತರಗಳ ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸಬೇಕು. ಸಮಯ ಸಾಲದೆ ಕೊನೆಯ ಪ್ರಶ್ನೆ ಅರ್ಧಕ್ಕೆ ನಿಂತಿದೆಯೇ? ಲೆಕ್ಕದ ಉತ್ತರ ಸರಿಯಿದ್ದು ಹಂತಗಳು ಕಾಣೆಯಾಗಿವೆಯೇ? ಕಾನೂನಿನ ಪ್ರಶ್ನೆಗೆ ತೀರ್ಮಾನ ಬರೆದು ಯಾವ ಕಲಮಿನ ಆಧಾರದಿಂದ ಎಂಬುದನ್ನು ಬಿಟ್ಟಿದ್ದಾರೆಯೇ? ತಿಳಿಯದೆ ಕಳೆದ ಅಂಕಗಳೆಷ್ಟು, ತಿಳಿದೂ ಬರೆಯಲಾರದೆ ಕಳೆದ ಅಂಕಗಳೆಷ್ಟು ಎಂದು ಬೇರ್ಪಡಿಸಿದ ದಿನ ಮರುಸಿದ್ಧತೆ ನಿಜವಾಗಿ ಆರಂಭವಾಗುತ್ತದೆ.

ನಮ್ಮ ಸೀಮೆಯ ಮಕ್ಕಳಿಗೆ ಈ ಎರಡನೆಯ ಬಾಬತ್ತು ಸಾಮಾನ್ಯವಾಗಿ ದೊಡ್ಡದು. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆಯಬಹುದೇ ಹೊರತು ಕನ್ನಡದಲ್ಲಿ ಅಲ್ಲ. ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಲೆಕ್ಕದಲ್ಲಿ ನಗರದವರನ್ನು ಸುಲಭವಾಗಿ ಮೀರಿಸಬಹುದು. ಕಂಪನಿ ಕಾನೂನು, ಲೆಕ್ಕಪರಿಶೋಧನೆಗಳ ವಿವರಣಾತ್ಮಕ ಉತ್ತರದಲ್ಲಿ ವಾಕ್ಯಕ್ಕಾಗಿ ತಡಕಾಡುತ್ತಾನೆ. ಇಂಟರ್‌ಮೀಡಿಯೆಟ್, ಫೈನಲ್ ಪತ್ರಿಕೆಗಳಲ್ಲಿ 30 ಅಂಕಗಳು ಬಹು ಆಯ್ಕೆಯ ಪ್ರಶ್ನೆಗಳಿಗೆ ಮೀಸಲಾಗಿದ್ದರೂ (ಫೈನಲ್ ಹಂತದ ಕೊನೆಯ ಪತ್ರಿಕೆಯ ಕ್ರಮ ಬೇರೆ) ಉಳಿದ 70 ಅಂಕ ಬರವಣಿಗೆಯದೇ. ಇದಕ್ಕೆ ಇಂಗ್ಲಿಷ್ ಸಾಹಿತ್ಯದ ಪಾಂಡಿತ್ಯ ಬೇಡ. ಕಾನೂನು ಏನನ್ನುತ್ತದೆ, ಪ್ರಶ್ನೆಯಲ್ಲಿನ ಸಂಗತಿ ಏನು, ಆದ್ದರಿಂದ ಏನು ಎಂಬ ಮೂರು ಹೆಜ್ಜೆಗಳಲ್ಲಿ ಚಿಕ್ಕ ಚಿಕ್ಕ ವಾಕ್ಯಗಳನ್ನು ದಿನಕ್ಕೆರಡು ಉತ್ತರದಂತೆ ಕೈಯಿಂದ ಬರೆಯುವ ರೂಢಿ ಸಾಕು. ಮನಸ್ಸಿನಲ್ಲೇ ಓದಿಕೊಂಡು "ಇದು ಗೊತ್ತಿದೆ" ಎಂದು ಪುಟ ತಿರುವುವುದು ಮರಳಿ ಕೂರುವವರ ದೊಡ್ಡ ಶತ್ರು. ಒಮ್ಮೆ ಓದಿದ ಪುಟ ಪರಿಚಿತವಾಗಿ ಕಾಣುತ್ತದೆ. ಪರಿಚಯವು ಜ್ಞಾನವೆಂಬ ಭ್ರಮೆ ಹುಟ್ಟಿಸುತ್ತದೆ.

ಹಳೆಯ ಟಿಪ್ಪಣಿ ಪುಸ್ತಕಗಳಲ್ಲಿಯೂ ಇಂಥದೇ ಅಪಾಯವಿದೆ. ತೆರಿಗೆಯ ಪತ್ರಿಕೆಯಲ್ಲಿ ಕಳೆದ ವರ್ಷದ ಸರಿಯುತ್ತರ ಈ ವರ್ಷ ತಪ್ಪಾಗಬಹುದು. 2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯ ದರಗಳು ಬದಲಾದವು. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆಂದು ಸಂಸತ್ತು 2025ರಲ್ಲಿ ಹೊಸ ಕಾಯ್ದೆಯನ್ನೇ ಅಂಗೀಕರಿಸಿ 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಗೊತ್ತುಮಾಡಿತು. ಯಾವ ಪರೀಕ್ಷೆಗೆ ಯಾವ ತಿದ್ದುಪಡಿ ಅನ್ವಯ ಎಂಬುದನ್ನು ಸಂಸ್ಥೆ ಪ್ರತಿ ಸಲವೂ ಪ್ರಕಟಿಸುತ್ತದೆ. ಅದನ್ನು ನೋಡದೆ ಅಣ್ಣನ ಅಥವಾ ಗೆಳೆಯನ ನೋಟ್ಸ್ ನೆಚ್ಚುವುದು ಸಲ್ಲದು.

ಇನ್ನು, ಯಾವಾಗ ಕೂರಬೇಕು? ಹಿಂದೆ ವರ್ಷಕ್ಕೆ ಎರಡೇ ಸಲ ಪರೀಕ್ಷೆ ಇತ್ತು. 2024ರಿಂದ ಮೊದಲೆರಡು ಹಂತಗಳಿಗೂ 2025ರಿಂದ ಫೈನಲ್ ಹಂತಕ್ಕೂ ವರ್ಷಕ್ಕೆ ಮೂರು ಸಲ, ಅಂದರೆ ಜನವರಿ, ಮೇ, ಸೆಪ್ಟೆಂಬರ್ ತಿಂಗಳ ಆಸುಪಾಸಿನಲ್ಲಿ, ಅವಕಾಶ ಬಂದಿದೆ. ಇದು ವರವೂ ಹೌದು, ಒತ್ತಡವೂ ಹೌದು. 2025ರ ಸೆಪ್ಟೆಂಬರ್ ಪರೀಕ್ಷೆಯ ಫಲಿತಾಂಶ ಹೊರಬಿದ್ದದ್ದು ನವೆಂಬರ್ 3ರಂದು. ಮುಂದಿನ ಫೈನಲ್ ಪರೀಕ್ಷೆಯ ಆರಂಭ 2026ರ ಜನವರಿ 5ರಂದು. ನಡುವೆ ಒಂಬತ್ತು ವಾರ. ಅರ್ಜಿ ಸಲ್ಲಿಸುವ ಅವಧಿಯಂತೂ ಫಲಿತಾಂಶದ ಬೆನ್ನಿಗೇ ಆರಂಭವಾಗಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಮೇಲೆ ಹೇಳಿದ ಇಬ್ಬರಂತೆ ದಡದ ಸಮೀಪ ಮುಳುಗಿದವರು ಜನವರಿಗೇ ಕೂರುವುದು ಲೇಸು. ಓದಿನ ಬಿಸಿ ಆರಿರುವುದಿಲ್ಲ. ವಿನಾಯಿತಿಯ ಮೂರು ಪರೀಕ್ಷೆಗಳ ಎಣಿಕೆ ಕೂತರೂ ಕೂರದಿದ್ದರೂ ನಡೆಯುತ್ತಲೇ ಇರುತ್ತದೆ, ಮೂರೆಂದರೆ ಈಗ ಒಂದು ವರ್ಷ ಮಾತ್ರ. ಎರಡು ಪತ್ರಿಕೆಗಳಲ್ಲಿ 30ನ್ನೂ ಮುಟ್ಟದವರು ಮಾತ್ರ ಮೇ ತಿಂಗಳವರೆಗೆ ಕಾದು ಬುಡದಿಂದ ಕಟ್ಟುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಗೆಳೆಯರು ಕೂರುತ್ತಾರೆಂದು ಕೂರುವುದು, ನೆಂಟರ ಬಾಯಿಗೆ ಅಂಜಿ ಕೂರುವುದು ಎರಡೂ ಬೇಡ.

ಜನವರಿಯ ಪರೀಕ್ಷೆ ನಮ್ಮ ಮನೆಗಳಲ್ಲಿ ಒಂದು ವಿಶೇಷ ತೊಡಕನ್ನು ತರುತ್ತದೆ. ಡಿಸೆಂಬರ್ ಎಂದರೆ ಗೋದಲಿ ಕಟ್ಟುವ, ಕುಸ್ವಾರಿನ ತಿಂಡಿ ಕರಿಯುವ, ಕ್ರಿಸ್ತಜಯಂತಿಗೆ ದೂರದ ಬಂಧುಗಳೆಲ್ಲ ಬಂದಿಳಿಯುವ ತಿಂಗಳು. ಬಯಲುಸೀಮೆಯ ಅಂಚಿನ ತೋಟಗಳಲ್ಲಿ ಅಡಿಕೆಯ ಕೆಲಸವೂ ಇನ್ನೂ ಕೈಯಲ್ಲಿರುತ್ತದೆ. ಸುಲಿಯುವ ಆಳುಗಳು, ಬೇಯಿಸುವ ಹಂಡೆ, ಅಂಗಳದ ತುಂಬ ಒಣಗುವ ಅಡಿಕೆ. ಮನೆಯಲ್ಲಿ ಓದುತ್ತ ಕುಳಿತ ಮಗ "ಸುಮ್ಮನೆ ಕುಳಿತವನು" ಎಂದೇ ಎಲ್ಲರಿಗೂ ಕಾಣುತ್ತಾನೆ. ಮಗಳಾದರೆ ಅಡುಗೆಮನೆಯ ಕರೆಗೆ ಕೊನೆಯೇ ಇಲ್ಲ. ಹಬ್ಬದ ರಾತ್ರಿಯ ಪೂಜೆಗೂ ಮರುದಿನದ ಊಟಕ್ಕೂ ಆಕೆ ಬರಲಿ. ಅದರ ಹಿಂದುಮುಂದಿನ ಹತ್ತು ದಿನಗಳನ್ನು ಆಕೆಗೇ ಬಿಡುವುದು ಹೆತ್ತವರು ಕೊಡಬಹುದಾದ ಕಾಣಿಕೆ.

ಊರಿನಲ್ಲಿದ್ದೇ ಓದುವುದು ಸಾಧ್ಯವೇ ಎಂಬ ಪ್ರಶ್ನೆಗೆ ಮೊದಲಿದ್ದ ಉತ್ತರ ಈಗಿಲ್ಲ. ಸಂಸ್ಥೆಯ ಅಧ್ಯಯನ ಸಾಮಗ್ರಿ, ಪ್ರತಿ ಪರೀಕ್ಷೆಗೂ ಮುನ್ನ ಹೊರಬರುವ ಪುನರಾವಲೋಕನ ಪತ್ರಿಕೆಗಳು, ಮಾದರಿ ಪತ್ರಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ನೇರ ಪಾಠಗಳನ್ನೂ ಸಂಸ್ಥೆಯೇ ಉಚಿತವಾಗಿ ನಡೆಸುತ್ತದೆ. ಮೊದಲ ಸಲ ಕೋಚಿಂಗಿಗೆ ಸಾಲ ಮಾಡಿದ ತಂದೆ ಎರಡನೆಯ ಸಲವೂ ಅದೇ ಪಾಠಕ್ಕೆ ಅದೇ ಹಣ ಕಟ್ಟಬೇಕಾಗಿಲ್ಲ. ಮರಳಿ ಕೂರುವವರಿಗೆ ಪಾಠಕ್ಕಿಂತ ಬರೆದು ತಿದ್ದಿಸಿಕೊಳ್ಳುವುದೇ ಮುಖ್ಯ. ತಿದ್ದಿಕೊಡುವವರು ಯಾರಾದರೂ ಸಿಗುವುದಾದರೆ ಶಿವನಿಯೂ ಬೆಂಗಳೂರಿನಷ್ಟೇ ಯೋಗ್ಯ ಸ್ಥಳ, ಬಾಡಿಗೆಯೂ ಉಳಿಯುತ್ತದೆ.

ಒಂದು ಗಂಭೀರ ಮಾತು. ಸೋತ ಮಗು ಊಟ ಬಿಟ್ಟು, ಮಾತು ಬಿಟ್ಟು, ರಾತ್ರಿಯಿಡೀ ಎಚ್ಚರವಿದ್ದರೆ ಅದನ್ನು ಹಟವೆಂದು ತಿಳಿಯಬಾರದು. ಹೋಲಿಕೆಯ ಮಾತು, ಖರ್ಚಿನ ಲೆಕ್ಕ ಆ ಹೊತ್ತಿನಲ್ಲಿ ವಿಷ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ. ಹಲವು ಸಲ ಪ್ರಯತ್ನಿಸಿದ ಮೇಲೆ ಈ ದಾರಿ ಬೇಡವೆಂದು ಮಗುವೇ ನಿರ್ಧರಿಸಿದರೆ ಅದನ್ನೂ ಗೌರವದಿಂದ ಕೇಳಬೇಕು. ಕಲಿತ ಲೆಕ್ಕವಿದ್ಯೆ ಬ್ಯಾಂಕಿನಲ್ಲಿಯೂ ಸಹಕಾರಿ ಸಂಘದಲ್ಲಿಯೂ ಕಂಪನಿಯಲ್ಲಿಯೂ ಬೇಕಾದದ್ದೇ.

ಮರಳಿ ಕೂರುವುದೆಂದು ನಿಶ್ಚಯವಾದ ಮನೆಗಳಿಗೆ ಒಂದು ಸಣ್ಣ ಸೂಚನೆ ಉಳಿದಿದೆ. ಈ ಪರೀಕ್ಷೆ ನಡೆಯುವುದು ಬೆಳಿಗ್ಗೆಯಲ್ಲ. ಮಧ್ಯಾಹ್ನ 2ರಿಂದ 5ರವರೆಗೆ, ಅದಕ್ಕೆ ಮುನ್ನ 15 ನಿಮಿಷ ಪ್ರಶ್ನೆಪತ್ರಿಕೆ ಓದಲು. ಫೈನಲ್ ಹಂತದ ಆರನೆಯ ಪತ್ರಿಕೆ ಮಾತ್ರ ಪುಸ್ತಕ ತೆರೆದಿಟ್ಟು ನಾಲ್ಕು ಗಂಟೆ ಬರೆಯುವಂಥದು. ಬೆಳಗಿನ ಜಾವ ಎದ್ದು ಓದಿ, ಮುದ್ದೆಯುಂಡು ಮಧ್ಯಾಹ್ನ ಮಲಗುವ ಅಭ್ಯಾಸದ ಮಗುವಿಗೆ ಮಿದುಳು ಮಂಕಾಗುವ ಹೊತ್ತೇ ಅದು. ಕೊನೆಯ ಆರು ವಾರಗಳಲ್ಲಿ ಒಂದು ದಿನ ಬಿಟ್ಟು ಒಂದು ದಿನವಾದರೂ ಹನ್ನೆರಡಕ್ಕೇ ಹಗುರವಾಗಿ ಉಂಡು, ಒಂದೂ ಮುಕ್ಕಾಲಕ್ಕೆ ಮಾದರಿ ಪತ್ರಿಕೆ ತೆರೆದು, ಗಡಿಯಾರ ಮುಂದಿಟ್ಟುಕೊಂಡು ಐದರವರೆಗೆ ಬರೆಯಬೇಕು. ಆ ಹೊತ್ತಿನಲ್ಲಿ ಟಿ.ವಿ. ಹಾಕದಿರುವುದು, ಬಂದವರನ್ನು ಜಗಲಿಯಲ್ಲೇ ಕೂರಿಸಿ ಮಾತನಾಡಿಸುವುದು, ಐದಕ್ಕೆ ಕಾಫಿ ಇಡುವುದು ಮನೆಯವರ ಪಾಲಿನ ಕೆಲಸ.