ಶಬ್ದವೂ ಪುದ್ಗಲ, ಶ್ರೋತ್ರವೂ ಪ್ರಾಣ

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವನ್ನು ದಿನಕ್ಕೊಂದು ಅಧ್ಯಾಯದಂತೆ ವ್ಯಾಖ್ಯಾನಿಸುವ ಪದ್ಧತಿ ಅನೇಕ ಬಸದಿಗಳಲ್ಲಿದೆ. ಐದನೆಯ ದಿನ ಬರುವುದು ಅಜೀವ ತತ್ತ್ವವನ್ನು ನಿರೂಪಿಸುವ ಐದನೆಯ ಅಧ್ಯಾಯ. ಅದರಲ್ಲಿ ಸೂತ್ರಕಾರರು ಪುದ್ಗಲದ ಪರ್ಯಾಯಗಳನ್ನು ಎಣಿಸುವಾಗ ಮೊದಲು ಹೆಸರಿಸುವುದು ಶಬ್ದವನ್ನು. ಕತ್ತಲೆ, ನೆರಳು, ಬಿಸಿಲು, ತಂಬೆಳಕುಗಳೂ ಅದೇ ಸಾಲಿನಲ್ಲಿ ಬರುತ್ತವೆ.

ಶಬ್ದವು ಆಕಾಶದ ಗುಣ ಎಂಬುದು ವೈಶೇಷಿಕರ ಮತ. ಜೈನಾಚಾರ್ಯರು ಇದನ್ನು ಒಪ್ಪಲಿಲ್ಲ. ಆಕಾಶ ಅಮೂರ್ತ, ಅದರ ಗುಣವು ಮೂರ್ತವಾದ ಕಿವಿಗೆ ತಾಗುವುದೆಂತು? ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ಕಾರಣಗಳು ಯಾರೂ ಮನೆಯಲ್ಲಿ ಕುಳಿತು ಪರೀಕ್ಷಿಸಬಹುದಾದಂಥವು. ಶಬ್ದವನ್ನು ಮೂರ್ತವಾದ ಇಂದ್ರಿಯ ಗ್ರಹಿಸುತ್ತದೆ, ಗೋಡೆ ಅದನ್ನು ತಡೆಯುತ್ತದೆ, ಎದುರು ಗಾಳಿ ಅದನ್ನು ಹಿಮ್ಮೆಟ್ಟಿಸುತ್ತದೆ, ದೊಡ್ಡ ಶಬ್ದ ಚಿಕ್ಕ ಶಬ್ದವನ್ನು ಅಡಗಿಸುತ್ತದೆ. ಆದುದರಿಂದ ಶಬ್ದ ಮೂರ್ತ, ಪೌದ್ಗಲಿಕ.

ಶಬ್ದವು ಕಣಗಳ ಕಂಪನದಿಂದ ಹರಡುವ ಒತ್ತಡದ ಅಲೆ ಎನ್ನುವ ಇಂದಿನ ವಿಜ್ಞಾನದ ಭಾಷೆ ಬೇರೆ, ಆಗಮದ ಪರಿಭಾಷೆ ಬೇರೆ. ಎರಡನ್ನೂ ಬಲವಂತವಾಗಿ ಒಂದು ಮಾಡಬೇಕಿಲ್ಲ. ಆದರೆ ಶಬ್ದವು ವಸ್ತುವಿಗೆ ಬಡಿಯುತ್ತದೆ, ವಸ್ತುವನ್ನು ಕದಲಿಸುತ್ತದೆ ಎಂಬ ಮಾತಿನಲ್ಲಿ ಎರಡೂ ಸೇರುತ್ತವೆ. 1883ರ ಆಗಸ್ಟ್ 27ರಂದು ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ ಅದರ ಸದ್ದು ಸುಮಾರು 4,800 ಕಿಲೋಮೀಟರ್ ದೂರದ ರಾಡ್ರಿಗಸ್ ದ್ವೀಪದಲ್ಲಿ ಕೇಳಿಸಿತು. ಆ ಒತ್ತಡದ ಅಲೆ ಭೂಮಂಡಲವನ್ನು ಹಲವು ಸಲ ಸುತ್ತಿದ್ದನ್ನು ಬೇರೆ ಬೇರೆ ದೇಶಗಳ ವಾಯುಭಾರ ಮಾಪಕಗಳು ದಾಖಲಿಸಿದವು. ಅಮೆರಿಕದ ಬಾಹ್ಯಾಕಾಶ ನೌಕೆಗಳು ಮೇಲೇರುವಾಗ ಉಡಾವಣಾ ವೇದಿಕೆಯ ಮೇಲೆ ಒಂದು ನಿಮಿಷವೂ ಆಗದ ಅವಧಿಯಲ್ಲಿ 11 ಲಕ್ಷ ಲೀಟರಿನಷ್ಟು ನೀರನ್ನು ಸುರಿಸುತ್ತಿದ್ದರು. ಬೆಂಕಿ ಆರಿಸುವುದು ಅದರ ಮುಖ್ಯ ಉದ್ದೇಶವಾಗಿರಲಿಲ್ಲ. ಎಂಜಿನ್ನಿನ ಸದ್ದೇ ಮರಳಿ ಬಡಿದು ನೌಕೆಗೆ ಹಾನಿ ಮಾಡದಿರಲಿ ಎಂದು ಆ ಸದ್ದನ್ನು ನೀರಿನಲ್ಲಿ ತಗ್ಗಿಸುತ್ತಿದ್ದರು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿಯೂ ಒಂದು ಧ್ವನಿ ಪರೀಕ್ಷಾ ಕೇಂದ್ರವಿದೆ. ರಾಕೆಟ್ಟಿನ ಭಾಗಗಳನ್ನೂ ಉಪಗ್ರಹಗಳನ್ನೂ ಅಲ್ಲಿ ಭೀಕರ ಶಬ್ದಕ್ಕೆ ಒಡ್ಡಿ, ಅವು ತಾಳಿಕೊಳ್ಳುತ್ತವೆಯೇ ಎಂದು ನೋಡಲಾಗುತ್ತದೆ. ಲೋಹವನ್ನೇ ಹೀಗೆ ಪರೀಕ್ಷಿಸಬೇಕಾದರೆ ಮಾಂಸದಿಂದಾದ ಕಿವಿಯ ಪಾಡೇನು?

ಒಳಗಿವಿಯ ಶಂಖಾಕಾರದ ಕೋಶದಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಹೊರಗಿನ ಕಂಪನವನ್ನು ನರದ ಸಂಕೇತವಾಗಿ ಮಾರ್ಪಡಿಸುವುದು ಇವುಗಳ ಕೆಲಸ. ಅತಿಯಾದ ಸದ್ದಿಗೆ ಇವು ಬಾಗಿ, ಮುರಿದು, ಸಾಯುತ್ತವೆ. ಚರ್ಮದ ಗಾಯ ಮಾಯುತ್ತದೆ, ಮುರಿದ ಮೂಳೆ ಕೂಡುತ್ತದೆ. ಮನುಷ್ಯನಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಸದ್ದನ್ನು ಅಳೆಯುವ ಡೆಸಿಬಲ್ ಮಾನದಲ್ಲಿ 10 ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು ಹೆಚ್ಚುತ್ತದೆ. ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆ 85 ಡೆಸಿಬಲ್ ಮಿತಿಯೆಂದು ತಜ್ಞರು ಹೇಳುತ್ತಾರೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಹೆಚ್ಚಿದಂತೆ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್ಲಿಗೆ ಉಳಿಯುವುದು ಕೇವಲ ಕಾಲು ಗಂಟೆ.

ಪೆಟ್ಟು ಕಿವಿಗೆ ಮಾತ್ರವಲ್ಲ. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ನಾವು ನಿದ್ರಿಸಿದಾಗಲೂ ಕಿವಿ ಎಚ್ಚರವಾಗಿರುತ್ತದೆ. ಹಠಾತ್ ಸದ್ದು ಬಂದೊಡನೆ ದೇಹ ಅದನ್ನು ಅಪಾಯವೆಂದೇ ಭಾವಿಸಿ ಅಡ್ರಿನಲಿನ್, ಕಾರ್ಟಿಸಾಲ್ ಸ್ರವಿಸುತ್ತದೆ. ಎದೆಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ. ಮಲಗಿದವನಿಗೆ ಎಚ್ಚರವಾಗದಿದ್ದರೂ ಇದು ನಡೆಯುತ್ತದೆ. ವರ್ಷಗಟ್ಟಲೆ ಗದ್ದಲದಲ್ಲಿ ಬದುಕುವವರಲ್ಲಿ ರಕ್ತದೊತ್ತಡ, ಹೃದಯದ ಕಾಯಿಲೆಗಳ ಅಪಾಯ ಹೆಚ್ಚೆಂದು ವೈದ್ಯಲೋಕ ಕಂಡುಕೊಂಡಿದೆ. ಮಕ್ಕಳ ಓದು, ಗ್ರಹಿಕೆಗಳೂ ಕುಂದುತ್ತವೆ.

ಈಗ ಏಳನೆಯ ಅಧ್ಯಾಯಕ್ಕೆ ಬರೋಣ. ಪ್ರಮಾದದಿಂದ ಕೂಡಿದ ಮನ ವಚನ ಕಾಯಗಳ ಮೂಲಕ ಪ್ರಾಣಗಳನ್ನು ಬೇರ್ಪಡಿಸುವುದೇ ಹಿಂಸೆ ಎಂಬುದು ಅಲ್ಲಿನ ಲಕ್ಷಣ. ಪ್ರಾಣವೆಂದರೆ ಇಲ್ಲಿ ಜೀವವೊಂದೇ ಅಲ್ಲ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯುಷ್ಯ, ಶ್ವಾಸೋಚ್ಛ್ವಾಸ ಎಂದು ಪ್ರಾಣಗಳು ಹತ್ತು. ಶ್ರೋತ್ರೇಂದ್ರಿಯ ಅವುಗಳಲ್ಲೊಂದು. ಹಾಗಿರುವಾಗ ಎಚ್ಚರಗೇಡಿತನದಿಂದ ಒಬ್ಬರ ಶ್ರವಣಶಕ್ತಿಯನ್ನು ಕುಂದಿಸುವುದು ಶಾಸ್ತ್ರದ ಮಾತಿನಲ್ಲಿಯೇ ಪ್ರಾಣಘಾತ. ಸಂಜ್ಞಿ ಪಂಚೇಂದ್ರಿಯನಾದ ಮನುಷ್ಯನಿಗೆ ಮಾತ್ರವಲ್ಲ, ಸಿಡಿಮದ್ದಿಗೆ ಬೆದರಿ ಹಗ್ಗ ಹರಿದುಕೊಳ್ಳುವ ದನಕ್ಕೂ, ಗೂಡು ತೊರೆದು ಕತ್ತಲಲ್ಲಿ ಹಾರುವ ಹಕ್ಕಿಗೂ ಈ ಮಾತು ಸಲ್ಲುತ್ತದೆ.

ಗೃಹಸ್ಥನ ಬದುಕಿನಲ್ಲಿ ಆರಂಭೀ, ಉದ್ಯೋಗೀ ಹಿಂಸೆಗಳು ಪೂರ್ತಿಯಾಗಿ ತಪ್ಪವು. ಗಿರಣಿ ಸದ್ದು ಮಾಡುತ್ತದೆ, ಬಸ್ಸು ಸದ್ದು ಮಾಡುತ್ತದೆ. ಆದರೆ ಅವಶ್ಯಕತೆಯಿಲ್ಲದೆ ಮಾಡುವ ಸದ್ದು ಯಾವ ಲೆಕ್ಕಕ್ಕೆ ಸೇರಬೇಕು? ನಿಷ್ಪ್ರಯೋಜಕ ಪಾಪಕ್ರಿಯೆಗಳಿಂದ ದೂರವಿರುವುದೇ ಶ್ರಾವಕನ ಅನರ್ಥದಂಡ ವ್ರತ. ಅತಿಯಾಗಿ, ಅಸಂಬದ್ಧವಾಗಿ ಮಾತನಾಡುವ ಮೌಖರ್ಯವನ್ನು ಸೂತ್ರಕಾರರು ಆ ವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಬಾಯಿಯ ಅತಿರೇಕವೇ ದೋಷವಾದರೆ, ಆ ಬಾಯಿಯನ್ನು ನೂರು ಪಟ್ಟು ಹಿಗ್ಗಿಸುವ ಯಂತ್ರದ ಅತಿರೇಕವನ್ನು ಏನೆನ್ನಬೇಕು?

ಈ ಪ್ರಶ್ನೆಯನ್ನು ಮೊದಲು ನನಗೇ ಕೇಳಿಕೊಳ್ಳಬೇಕಾದ ಸಂದರ್ಭ ಒದಗಿತ್ತು. ಕೆಲವು ವರ್ಷಗಳ ಹಿಂದೆ ನಮ್ಮೂರ ಬಸದಿಯ ದಶಲಕ್ಷಣ ಪರ್ವದ ಹೊಣೆ ಹೊತ್ತವರಲ್ಲಿ ನಾನೂ ಒಬ್ಬನಾಗಿದ್ದೆ. ಪಕ್ಕದ ಮನೆಯವರು ಬಂದು, ಹೃದಯದ ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಮರಳಿದ ತಾಯಿ ಮನೆಯಲ್ಲಿದ್ದಾರೆ, ಧ್ವನಿವರ್ಧಕದ ಮುಖವನ್ನು ಬೇರೆಡೆಗೆ ತಿರುಗಿಸಬಹುದೇ ಎಂದು ವಿನಯದಿಂದ ಕೇಳಿದರು. ದೇವರ ಕಾರ್ಯ, ಹತ್ತು ದಿನ ಸಹಿಸಿಕೊಳ್ಳಿ ಎಂದು ನಾನು ಹೇಳಿಬಿಟ್ಟೆ. ಅವರು ವಾದಿಸದೆ ಹೋದರು. ಏಳನೆಯ ದಿನ ಹಿಂಸೆಯ ಲಕ್ಷಣವನ್ನು ವಿವರಿಸಿದ ಪ್ರವಚನವೂ ಆ ಮನೆಯ ಕಿಟಕಿಗೇ ಮುಖ ಮಾಡಿದ್ದ ಧ್ವನಿವರ್ಧಕದಿಂದಲೇ ಬಿತ್ತರಗೊಂಡಿತು. ಪರ್ವದ ಕೊನೆಗೆ ಕ್ಷಮಾವಾಣಿಯ ದಿನ ಅದೇ ಮೈಕಿನ ಮುಂದೆ ನಿಂತು ಎಂಬತ್ತನಾಲ್ಕು ಲಕ್ಷ ಯೋನಿಗಳ ಸಮಸ್ತ ಜೀವರಾಶಿಯಲ್ಲಿ ಕ್ಷಮೆ ಬೇಡಿದೆ. ಹೊರಬಂದಾಗ ಪಕ್ಕದ ಮನೆಗೆ ಬೀಗ ಹಾಕಿತ್ತು. ತಾಯಿಯನ್ನು ಕರೆದುಕೊಂಡು ಮೂರನೆಯ ದಿನವೇ ನೆಂಟರ ಊರಿಗೆ ಹೋಗಿದ್ದರಂತೆ.

ಸಮಸ್ತ ಜೀವರಾಶಿಯನ್ನು ನೆನೆದ ನನಗೆ ಗೋಡೆಯಾಚೆಯ ಒಂದು ಜೀವದ ನೆನಪಾಗಲಿಲ್ಲ. ಅವರು ಮರಳಿದ ಮೇಲೆ ಹೋಗಿ ಕ್ಷಮೆ ಕೇಳಿದೆ. ಆ ವೃದ್ಧೆ, "ನಿಮ್ಮ ಸ್ತೋತ್ರ ನನಗೂ ಇಷ್ಟ. ಎದೆಗೆ ತಡೆಯಲಾಗಲಿಲ್ಲ, ಅಷ್ಟೆ" ಎಂದರು. ಮರುವರ್ಷ ಬಸದಿಯ ಮಾಳಿಗೆಯ ಮೇಲಿನ ಧ್ವನಿವರ್ಧಕಗಳನ್ನು ಇಳಿಸಿ, ಒಳಗೆ ಕುಳಿತವರಿಗೆ ಮಾತ್ರ ಕೇಳುವಂತೆ ಚಿಕ್ಕ ಪೆಟ್ಟಿಗೆಗಳನ್ನಿಟ್ಟೆವು. ಪ್ರವಚನಕ್ಕೆ ಬರುವವರು ಕಡಿಮೆಯಾಗಲಿಲ್ಲ.

ಸದ್ದೆಲ್ಲವೂ ಪಾಪವೆಂದು ಇದರ ಅರ್ಥವಲ್ಲ. ಘಂಟಾನಾದವಿದೆ, ಸ್ತೋತ್ರವಿದೆ, ತೀರ್ಥಂಕರರ ದಿವ್ಯಧ್ವನಿಯಂತೂ ನಮಗೆ ಪರಮಪೂಜ್ಯ. ಆದರೆ ಕೇವಲಜ್ಞಾನವಾದ ಮೇಲೂ ಮಹಾವೀರಸ್ವಾಮಿಯ ದಿವ್ಯಧ್ವನಿ ಗೌತಮ ಗಣಧರರು ಬರುವವರೆಗೆ 66 ದಿನ ಹೊರಡಲಿಲ್ಲವೆಂದು ದಿಗಂಬರ ಪರಂಪರೆ ಹೇಳುತ್ತದೆ. ಗ್ರಹಿಸುವವನು ಬರುವ ತನಕ ಸರ್ವಜ್ಞನೂ ಮೌನ! ಮುನಿಗಳಿಗೆ ಭಾಷಾಸಮಿತಿ, ವಚನಗುಪ್ತಿಗಳನ್ನು ವಿಧಿಸಿರುವುದರ ಹಿಂದೆಯೂ ಇದೇ ಎಚ್ಚರವಿದೆ. ಶ್ರಾವಕ ಎಂಬ ಪದಕ್ಕೂ ಕೇಳುವವನು ಎಂದೇ ಅರ್ಥ.

ವಸತಿ ಪ್ರದೇಶಗಳಲ್ಲಿ ಹಗಲು 55, ಇರುಳು 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಕಾನೂನಿನ ಭಯವಿಲ್ಲದೆಯೂ ಇದನ್ನು ಪಾಲಿಸುವುದು ಅಣುವ್ರತಿಗೆ ಶೋಭೆ. ಮೆರವಣಿಗೆ ಆಸ್ಪತ್ರೆಯ ಮುಂದೆ ಸಾಗುವಾಗ ವಾದ್ಯ ನಿಲ್ಲಿಸುವುದು, ಉತ್ಸವದಲ್ಲಿ ಸಿಡಿಮದ್ದು ಬಿಡುವುದು, ಮನೆಯ ಟಿ.ವಿ. ಸದ್ದು ಮನೆಯೊಳಗೇ ಉಳಿಯುವಂತೆ ನೋಡಿಕೊಳ್ಳುವುದು ಯಾರಿಗೂ ಕಷ್ಟವಲ್ಲ. ದಿನಕ್ಕೊಮ್ಮೆ 48 ನಿಮಿಷಗಳ ಸಾಮಾಯಿಕದಲ್ಲಿ ಕುಳಿತವರಿಗೆ ಸಣ್ಣ ಸದ್ದೂ ಎಷ್ಟು ದೊಡ್ಡದೆಂದು ತಿಳಿದಿರುತ್ತದೆ. ನಮ್ಮ ಸಾಮಾಯಿಕಕ್ಕೆ ನಾವು ಬಯಸುವ ನಿಶ್ಶಬ್ದವನ್ನು ನೆರೆಮನೆಯ ರೋಗಿಯ ನಿದ್ರೆಗೂ ಕೊಡೋಣ. ಅದೂ ಅಭಯದಾನವೇ.